ಒಂಬತ್ತು ಇಂಚು

ನಾನು ಎರೆಮಣ್ಣಿನವನು, ರೋಣದ ಕಡೆಯವ.
ನಮ್ಮಲ್ಲಿ ಮಣ್ಣು ಬೇಸಿಗೆಗೆ ಬಾಯಿ ಬಿಡುತ್ತದೆ,
ಮಳೆ ಬಿದ್ದರೆ ಕಾಲು ಹಿಡಿದು ಕೂರುತ್ತದೆ,
ಊಟವಾಗದೆ ಏಳಗೊಡದ ಬೀಗರ ಹಾಗೆ.

ಬೇಟೋಳಿಯ ಗುಡ್ಡ ಹಾಗಲ್ಲ.
ನೂರು ಇಂಚು ಮಳೆ ಕುಡಿದೂ
ಮರುದಿನ ನನ್ನ ಚಪ್ಪಲಿಗೆ ಏನೂ ಅಂಟಲಿಲ್ಲ,
ಬಣ್ಣದ ಹೊರತು.

ಬೊಳ್ಳಿ ಮುಂದೆ, ಗುದ್ದಲಿ ಅವಳ ಕೈಲಿ.
ತರಗೆಲೆ ಸರಿಸಿ, ವಿ ಆಕಾರಕ್ಕೆ ಕಡಿದು,
ಗೋಡೆಯಿಂದ ಒಂದು ಹೋಳು, ಒಂಬತ್ತು ಇಂಚು ಆಳಕ್ಕೆ.
ಹೀಗೆ ಹದಿನೈದು ಕಡೆ.
ಗೋಣಿಯ ಮೇಲೆ ಹರವಿ ನಾಲ್ಕು ಪಾಲು ಮಾಡು,
ಎದುರುಬದುರಿನ ಎರಡನ್ನು ಎಸೆ,
ಉಳಿದದ್ದನ್ನು ಮತ್ತೆ ನಾಲ್ಕು ಮಾಡು.
ಐದು ಎಕರೆ ಕೊನೆಗೆ ಅರ್ಧ ಸೇರಾಗಿ
ಬಟ್ಟೆಚೀಲದಲ್ಲಿ ಕೂರುತ್ತದೆ.

ತೋಟದ ದೇಚಮ್ಮ ಒಂದು ಹರಳು
ನಾಲಗೆ ತುದಿಗಿಟ್ಟು ‘ಹುಳಿ’ ಅಂದರು.
‘ನಿಮ್ಮ ಕಾಗದ ಏನು ಹೇಳುತ್ತೆ?’
ಕಾಗದ ಕೆಂಪಾಗಿ ಐದು ಅಂದಿತು.
ಅವರ ಅಡಿಗೆಮನೆಯ ಕಿಟಕಿಯಲ್ಲಿ
ಕಾಚಂಪುಳಿಯ ಕಪ್ಪು ಬಾಟಲಿ,
ಹಂದಿ ಬೆಂದ ಮೇಲೆ ಒಂದೇ ಚಮಚ.
‘ಪಾತ್ರೆಗೆ ಹುಳಿ ಹಾಕೋದು ನಾನು.
ಮಣ್ಣಿಗೆ ಯಾರು ಹಾಕಿದ್ದು?’

ಮಳೆ, ಅಂದೆ, ಓದಿದವನ ಗತ್ತಿನಲ್ಲಿ.
ಸುಣ್ಣ ತೊಳೆದು ಹೋಯಿತು, ಪೊಟ್ಯಾಷ್ ಹೋಯಿತು,
ಕಲ್ಲೊಳಗಿನ ಮರಳಿನಂಶ ಕೂಡ
ಕರಗಿ ತೋಡು ಸೇರಿ, ಹೊಳೆ ಸೇರಿ, ಕಾವೇರಿಗೆ ಸಂದಿತು.
ಹೋಗಲಾರದೆ ನಿಂತದ್ದು ಕಬ್ಬಿಣ,
ಎಲ್ಲರೂ ಗುಳೆ ಹೋದ ಊರಲ್ಲಿ
ಕುಲುಮೆಯವನೊಬ್ಬ ಉಳಿದ ಹಾಗೆ.
ಅವನೋ ಜಿಪುಣ. ನೀವು ಹಾಕಿದ ರಂಜಕ
ಬೇರಿಗೆ ಮುಟ್ಟುವ ಮೊದಲೇ
ಮುಷ್ಟಿ ಬಿಗಿದು ಕೂರುತ್ತಾನೆ.
ದೇಚಮ್ಮ ಜೋರಾಗಿ ನಕ್ಕರು:
‘ಅಂಥವನೊಬ್ಬ ನಮ್ಮ ಒಕ್ಕದಲ್ಲೂ ಇದ್ದ.’

ತೋಟದ ಆಚೆ ಶುಂಠಿಗೆ ಕೊಟ್ಟ ಜಾಗ.
ಗುತ್ತಿಗೆಯವರು ಮರ ಕಡಿದು, ಬುಡ ಕಿತ್ತು,
ಮೂರು ಬೆಳೆ ಉಂಡು ಬೇರೆ ಗುಡ್ಡಕ್ಕೆ ಹೋದರು.
ಮೇಲಿದ್ದ ಕಪ್ಪನ್ನು ಮೂರು ಮಳೆಗಾಲ
ಹೊತ್ತುಕೊಂಡು ಹೋದವು.
ಅಲ್ಲಿ ಬೊಳ್ಳಿಯ ಗುದ್ದಲಿ ಠಣ್ ಎಂದಿತು.
ಒಂದು ಗರಿಕೆಯೂ ಇಲ್ಲ, ಹುರಿದಂಥ ಜಲ್ಲಿ,
ತೂತು ತೂತು, ಹಳೆಯ ಹಂಚಿನ ಬಣ್ಣ.
ಒಂಬತ್ತು ಇಂಚು ಇಳಿಯಲು ಹಾರೆ ತರಬೇಕಾಯಿತು,
ಅರ್ಧ ದಿನ ಹೋಯಿತು.

ಬೆವರು ಒರೆಸಿಕೊಂಡು ಬೊಳ್ಳಿ ಹೇಳಿದಳು:
‘ನನ್ನ ಗಂಡ ಕೆಂಪುಕಲ್ಲು ಕಡೀತಿದ್ದ.
ನೆಲದೊಳಗಿರುವಾಗ ಅದು ಹಣ್ಣು ಕುಂಬಳ,
ಕೊಡಲಿಗೆ ಸಿಗ್ತದೆ.
ಮೇಲೆ ತಂದು ಒಂದು ಬೇಸಿಗೆ ಬಿಡಿ,
ಉಳಿಯ ಬಾಯಿ ಮುರೀತದೆ.
ಗೋಡೆಗೆ ಅದು ಒಳ್ಳೇದೇ.
ಕಾಪಿಗೆ ಗೋಡೆ ಯಾಕೆ ಸಾರ್?
ಈ ಮಣ್ಣಿಗೆ ಬಿಸಿಲು ತೋರಿಸಬಾರದು.’

ವರದಿಯಲ್ಲಿ ಬರೆದೆ:
ಸುಣ್ಣ ಎಕರೆಗೆ ಇಷ್ಟು, ಒಂದೇ ಸಲ ಬೇಡ.
ಗೊಬ್ಬರ ನಾಲ್ಕು ಕಂತು.
ಹಾಲುವಾಣದ ಗೂಟ ನೆಡಿ, ನೆರಳು ಬರಲಿ,
ಉದುರಿದ ಎಲೆ ಗುಡಿಸಬೇಡಿ.
ಇಳಿಜಾರಿಗೆ ಅಡ್ಡವಾಗಿ, ಸಾಲಿನ ನಡುವೆ
ತೊಟ್ಟಿಲು ಗುಂಡಿ.

ಓದಿ ಹೇಳಿದಾಗ ಬೊಳ್ಳಿಗೆ ನಗು.
‘ಇಷ್ಟಕ್ಕೆ ಚೀಲ ವಿರಾಜಪೇಟೆಗೆ ಹೋಗಿ ಬಂತಾ?
ತೊಟ್ಟಿಲು ಗುಂಡಿ ತೋಡಿ ತೋಡಿ
ನನ್ನವ್ವನ ಬೆನ್ನೇ ತೊಟ್ಟಿಲಾಗಿತ್ತು.’

ಏನೂ ಹೇಳಲು ತೋಚದೆ ಚೀಲ ಮಡಿಸಿದೆ.

ಸಂಜೆ ಲೈನ್‌ಮನೆಯ ನಲ್ಲಿಯ ಹತ್ತಿರ
ಅವಳು ಹಿಮ್ಮಡಿ ಉಜ್ಜುತ್ತ ಕೂತಿದ್ದಳು,
ಬಿರುಕಿನಲ್ಲಿ ಇಳಿದ ಕೆಂಪನ್ನು
ಅದೇ ಕೆಂಪುಕಲ್ಲಿನ ಚೂರಿನಿಂದ.
ನೀರು ಕೆಂಪಗೆ ಹರಿದು
ಬಾಳೆಯ ಬುಡಕ್ಕೆ ಹೋಯಿತು.
ಕಾಲು ಎತ್ತಿ ದೀಪಕ್ಕೆ ಹಿಡಿದು ನೋಡಿದಳು,
ಮತ್ತೆ ಉಜ್ಜಿದಳು.