ಕಲಬುರ್ಗಿ, ನಿಲ್

ಸಾಯಬಣ್ಣ ಕಾಕಾನ ರೇಡಿಯೋ ರಿಪೇರಿ ಅಂಗಡಿ
ಶಹಾಬಜಾರದಾಗ, ಎರಡು ಕುರ್ಚಿ ಹಿಡಿಸೂವಷ್ಟು.
ನಾ ಅಲ್ಲಿ ಹುಡುಗ: ಬೆಸುಗಿ ಕಡ್ಡಿ ಹಿಡಿಯಾಂವ,
ಚಹಾ ತರಾಂವ, ಬೈಸಿಕೊಳ್ಳಾಂವ.

ಅದೊಂದು ಶನಿವಾರ ರಾತ್ರಿ, ಹತ್ತೂವರಿ ಸುಮಾರ,
ಯಾರದೋ ಹಳೇ ಸೆಟ್ಟಿನ ಹೊಟ್ಟಿ ಬಗದು
ಶಾರ್ಟ್‌ವೇವ್ ಕಿವಿ ತಿರುವಾಗ
ಗರಗರದ ನಡುವಿಂದ ಒಬ್ಬಾಂವ, ಇಂಗ್ಲಿಷ್‌ದಾಂವ,
ಸ್ಪಷ್ಟ ಅಂದ: ಕಲಬುರ್ಗಿ, ನಿಲ್.

ಕಾಕಾ ಎದ್ದು ನಿಂತ.
"ನಮ್ಮೂರಿಗಿ ಯಾಕ ನಿಲ್ ಅಂತಾನಲೇ ಇವ?
ಏನಾಗ್ಯಾದ?"

ಮುಂದಿನ ಶನಿವಾರ ಹಂಗೇ. ಅದರ ಮುಂದಿನದೂ ಹಂಗೇ.
ಎಷ್ಟೋ ಊರ ಹೆಸರು, ಎಷ್ಟೋ ಅಂಕಿ,
ಕಡೀಕ ನಮ್ಮದು, ಅದರ ಬೆನ್ನಿಗಿ ಆ ನಿಲ್.
ಚೆಂಡಾಟದ ಸುದ್ದಿ ಅಂತ ತಿಳೀಲಿಕ್ಕ ಒಂದು ತಿಂಗಳ,
ನಿಲ್ ಅಂದ್ರ ಸೊನ್ನಿ ಅಂತ ತಿಳೀಲಿಕ್ಕ ಮತ್ತೊಂದು.

ಮೂರು ವರ್ಷದ ಮ್ಯಾಲ ಗುಂಡೇರಾವ್ ಮಾಸ್ತರು,
ಟ್ರಾನ್ಸಿಸ್ಟರ್ ತಂದೋರು, ಕೇಳಿಸಿಕೊಂಡು ನಕ್ಕರು:
"ಅದು ಕಿಲ್‌ಬರ್ಗಿ ಅದೋ ಮಾರಾಯ, ಸ್ಕಾಟ್ಲೆಂಡಿನಾಗ,
ಸಮುದ್ರದ ದಂಡಿ, ಮೀನು, ಮಂಜು. ನಮ್ಮದಲ್ಲ."
ಕಾಕಾ ಅವರ ಅಟ್ಲಾಸ್ ಮುಚ್ಚಿದ. ಬೆಸುಗಿ ಹೊಗಿ ಊದಿದ.
"ಮೂರು ವರ್ಷ ಸೋತೀವಿ ಸರ್ ಅದರ ಸಂಗಟ.
ಈಗ ನಮ್ಮದಲ್ಲ ಅಂದ್ರ ಹ್ಯಾಂಗ?"

ಆಡೋರ ಅಂಗಿ ಯಾವ ಬಣ್ಣ ಅಂತ ಗೊತ್ತಿರಲಿಲ್ಲ.
ಹಳದಿ ಇರಬೇಕು ಅಂತಿದ್ದ, ತೊಗರಿ ಹೂವಿನಂಥಾದ್ದು.
"ನಾಳಿ ಅವರೇ ಬಂದು ನಿಂತರ
ನಾನೇ ರೊಟ್ಟಿ ಬಡೀಬೇಕೇನು ಹನ್ನೊಂದು ಮಂದಿಗಿ?"
ಶಾಂತಾಬಾಯಿ ಕಾಕು ಕೇಳತಿದ್ದಳು.

ಇಂಗ್ಲಿಷ್ ಬರದ ಕಿವಿ ಅದು, ಆದ್ರ ರಿಪೇರಿಯವನ ಕಿವಿ.
ಅಂಕಿ ಬರೂಕಿಂತ ಮೊದಲೇ ಹೇಳತಿದ್ದ:
ಓದಾಂವ ನಮ್ಮ ಹೆಸರಿಗಿ ದನಿ ಎತ್ತಿದ್ರ ಗೆಲುವು,
ಸಪಾಟ ಇಟ್ಟರ ಸಮ,
ಪಾವಟಿಗಿ ಇಳಿದಂಗ ಇಳಿಸಿದ್ರ
ಕಾಕಾ ಸ್ವಿಚ್ ಬಂದ್ ಮಾಡಿ ಶಟರ್ ಎಳೀತಿದ್ದ.
ಆವತ್ತ ಪಗಾರ ಕೇಳೂ ಧೈರ್ಯ ನನಗ ಇರತಿರಲಿಲ್ಲ.

ತೊಂಬತ್ತೊಂದೋ ತೊಂಬತ್ತೆರಡೋ, ಯಾವುದೋ ಕಪ್ಪು.
ದೊಡ್ಡ ಶಹರದ ದೊಡ್ಡ ತಂಡ, ಹೆಸರ ಕೇಳಿದ್ರೇ ತೊಡಿ ನಡುಗಬೇಕು.
ಕಿಲ್‌ಬರ್ಗಿ, ಎರಡು. ಅವರು, ನಿಲ್.
ನಿಲ್ ಅವರದು!
ರಾತ್ರಿ ಹನ್ನೊಂದಕ್ಕ ಮಿಠಾಯಿ ಅಂಗಡಿಯವನ ಎಬ್ಬಿಸಿ
ನಾಕ್ ಕಿಲೋ ಮಾಲಪುರಿ ಹಂಚಿದ,
ರಿಕ್ಷಾದವರಿಗಿ, ಗಸ್ತಿನ ಪೊಲೀಸಗ, ದರ್ಗಾದಿಂದ ಬರೋರಿಗಿ.
"ಏನ್ ಖುಷಿ, ಮೊಮ್ಮಗ ಹುಟ್ಯಾನೇನು?"
"ಇಲ್ರಿ, ಕಲಬುರ್ಗಿ ಗೆದ್ದದ."
ಯಾತರಾಗ ಅಂತ ಯಾರೂ ಕೇಳಲಿಲ್ಲ. ತಿಂದರು.

ಮುಂದ ಅದು ಮೂರನೇ ದರ್ಜೆಗಿ ಬಿತ್ತು, ನಾಕನೇದಕ್ಕ ಬಿತ್ತು,
ಮೈದಾನ ಅಡ ಇಟ್ಟರಂತ.
ಇತ್ಲಾಗ ರೇಡಿಯೋ ತರೋರೂ ನಿಂತರು.
ಶಾರ್ಟ್‌ವೇವ್ ತೆಳ್ಳಗಾಗಿ, ಸೊಳ್ಳಿಯಷ್ಟಾಗಿ, ಇಲ್ಲದಂಗಾತು.
ಅಂಗಡ್ಯಾಗ ಈಗ ನಾನು ಮೊಬೈಲಿಗಿ ಗ್ಲಾಸು ಹಾಕತೀನಿ,
ಮೂಲ್ಯಾಗ ಕಾಕಾನ ಕುರ್ಚಿ.

ಶನಿವಾರ ಫೋನಿನಾಗ ಅಂಕಿ ನೋಡಿ ನಾನೇ ಓದಬೇಕು.
ಬರೇ ಓದಿದ್ರ ಒಲ್ಲ. ಆ ರೇಡಿಯೋದವನಂಗ, ಎತ್ತಿ, ಇಳಿಸಿ.
(ಅಂಗಿ ಬಣ್ಣಾನೂ ನೋಡೀನಿ. ನೀಲಿ. ಹೇಳಿಲ್ಲ ಇನ್ನೂ.)
ಹೋದ ದೀವಳಿಗಿ ಮುಂದ, ಅವಗ ಜ್ವರ,
ನಾ ಸುಳ್ಳ ಓದಿದೆ: ಕಿಲ್‌ಬರ್ಗಿ, ಮೂರು.
ಕಣ್ಣ ತೆಗೀದೇ ಅಂದ: "ಎಷ್ಟರಾಗ ಸೋತೀವಿ, ಖರೆ ಹೇಳು.
ದನಿ ಇಳೀತಲ್ಲೋ ನಿಂದು."

ಈ ಶನಿವಾರ ಮಾರ್ಚಿನ ಧಗಿ,
ಹತ್ತೂವರಿಗಿ ಸೈತ ಗ್ವಾಡಿ ಕಾದಾವ.
ಫೋನಿನಾಗ ಅಂಕಿ ಇರಲಿಲ್ಲ, ಒಂದೇ ಸಾಲು.
"ಆಟ ಆಗಿಲ್ಲ ಕಾಕಾ. ಮೈದಾನ ತುಂಬ ಬರ್ಫ್ ಬಿದ್ದದಂತ."
"ಹಂಗಂದ್ರ ಸೋತಿಲ್ಲ?"
"ಸೋತಿಲ್ಲ."
ಸ್ವಲ್ಪ ಹೊತ್ತು ಸುಮ್ಮನಿದ್ದು,
ಧೋತರದ ಚುಂಗು ಹೆಗಲಿಗಿ ಎಳಕೊಂಡು,
ಫ್ಯಾನ್ ಬಂದ್ ಮಾಡು ಅಂದ.