ಚೇಳೂರು ಮಂಡಿಯ ಪಡುಗೋಡೆ

ಗೋಡೆಗೆ ಚಿತ್ರ ಬರೆಯಲು ಕದಿರಿಯಿಂದ ಬಂದವನು
ಮಸ್ತಾನ್ ವಲಿ,
ಲಾರಿಗಳ ಬೆನ್ನಿಗೆ ನವಿಲು ಬರೆದು ಪಳಗಿದ ಕೈ.
‘ನಮ್ಮಜ್ಜನ ಕಾಲದ ಚೇಳೂರು ಬೇಕು’ ಅಂದರು ಶೇಷಯ್ಯ ಶೆಟ್ಟರು,
‘ಒಂದೇ ಅಂಗಡಿ, ಒಂದೇ ಬಾವಿ, ಸುತ್ತ ಬರೀ ಬಂಡೆ.’
ಅಜ್ಜನ ಕಾಲ ಇಬ್ಬರೂ ಕಂಡಿರಲಿಲ್ಲ.

ಬಣ್ಣ ಹಿಡಿಯಲು ಅಂಟು ಬೇಕೆಂದ.
ಹುಣಸೆ ಬೀಜ ನಾನೇ ಅಳೆದುಕೊಟ್ಟೆ,
ಒಂದು ಎನ್ನದೆ ರೂಢಿಯಂತೆ ‘ಲಾಭ’ ಎಂದು.
ಅಳೆದದ್ದು ಅದೊಂದೇ ಸೇರು.
ಪುಸ್ತಕಕ್ಕೆ ಹತ್ತಿಸಲಿಲ್ಲ.
ಹುರಿದು, ಸಿಪ್ಪೆ ಕಳೆದು, ಬೀಸಿ, ಕುದಿಸಿ
ಗಂಜಿಯಾಗುವ ಹೊತ್ತಿಗೆ ಮಂಡಿಯ ತುಂಬ
ಯಾರದೋ ಮನೆಯ ಅಡುಗೆಯ ವಾಸನೆ.

ಮೊದಲು ಬಂಡೆ ಬಂದವು
ಮಲಗಿದ ಎಮ್ಮೆಗಳ ಹಾಗೆ, ಒಂದಕ್ಕೊಂದು ಒರಗಿ.
ಆಮೇಲೆ ಆಕಾಶ. ನೀಲಿ ಸಾಲದೆ
ಬಟ್ಟೆಗೆ ಹಾಕುವ ನೀಲಿಯನ್ನೇ ಕಲಸಿದ.
ಹೇರೆತ್ತು ಏಳು, ಗಂಟೆ ಒಂದಕ್ಕೆ ಮಾತ್ರ.

‘ಗಡಿ ಎಲ್ಲಿ?’ ಅಂದರು ಶೆಟ್ಟರು.
ಕುಂಚ ಕಚ್ಚಿಕೊಂಡು ನಿಂತ.
ನಮ್ಮಲ್ಲಿ ಮೂಟೆ ಎಣಿಸುವುದು ತೆಲುಗಿನಲ್ಲಿ
ಬರೆಯುವುದು ಕನ್ನಡದಲ್ಲಿ,
ಗಡಿ ಇರುವುದು ನನ್ನ ಕಿವಿಗೂ ಬೆರಳಿಗೂ ನಡುವೆ.
ಇದನ್ನು ನಾನು ಹೇಳಲಿಲ್ಲ.
ಕೊನೆಗೆ ದಾರಿಯ ಮೇಲೊಂದು ಬಿದಿರು ಬರೆದ,
ಮೇಲಕ್ಕೆತ್ತಿದ್ದು.
‘ಇಳಿಸಯ್ಯ, ಸುಂಕದ ಕಟ್ಟೆ ಅಂತ ತಿಳಿಯಬೇಡವೆ?’
‘ಇಳಿಸಿದರೆ ಈ ಎತ್ತು ಒಳಗೆ ಬಂದದ್ದು ಹೇಗೆ ಸ್ವಾಮಿ?’
ಶೆಟ್ಟರು ಹೊರಗೆ ಹೋಗಿ ಎಲೆಯಡಿಕೆ ಉಗಿದು ಬಂದರು.

ಮೂರನೆಯ ವರ್ಷ ಜಿರಲೆ ಹತ್ತಿದವು.
ಹಗಲೆಲ್ಲ ಗೋಣಿಯ ಸಂದಿ,
ರಾತ್ರಿ ಗೋಡೆ.
ಆಕಾಶ ಮೊದಲು ಹೋಯಿತು
ಅಲ್ಲೇ ಅಂಟು ಹೆಚ್ಚಿತ್ತೇನೋ.
ಎತ್ತುಗಳು ಒಂದೊಂದಾಗಿ ಹೊರಟವು,
ಗಂಟೆಯದು ಕೊನೆಗೆ.
ಅಂಗಡಿ ಹೋದ ದಿನ ಶೆಟ್ಟರು ಮದನಪಲ್ಲಿಗೆ ಹೋಗಿದ್ದರು.
ಬಾವಿ ಅರ್ಧ ಉಳಿದಿದೆ.
ಬಂಡೆ ಇವೆ, ಅವನು ಬರೆದವೋ
ಗೋಡೆ ಉದುರಿ ಆದವೋ.
ಎತ್ತಿದ ಬಿದಿರು ಮಾತ್ರ ಹಾಗೇ ಇದೆ, ಕೆಳಗೆ ದಾರಿಯಿಲ್ಲ.

ಸುಣ್ಣ ಹೊಡೆಸೋಣ ಎಂದಾಗಲೆಲ್ಲ
ಸುಗ್ಗಿ ಮುಗಿಯಲಿ ಎನ್ನುತ್ತೇನೆ.
ನಿನ್ನೆ ದೀಪ ಆರಿಸುವ ಮುಂಚೆ
ಹಳೆಯ ಪುಸ್ತಕ ತೆಗೆದು, ಆ ತಾರೀಖು ಹುಡುಕಿ
ಒತ್ತಿ ಬರೆದೆ:
ಹುಣಸೆ ಬೀಜ, ಸೇರು ಒಂದು,
ಜಿರಲೆ ಬಾಬ್ತು.