ಅರ್ಧ ಬೀಸಿದ್ದು

ಯಾದಗಿರಿಯಲ್ಲಿ ಊರೆಲ್ಲ ಕರೆಂಟಿಗೆ ಕಾಯುವಾಗ
ನಾನೊಬ್ಬಳು ಅದು ಹೋಗಲೆಂದು ಕೂತಿದ್ದೆ.

ಕೆಳಗೆ ಮಲ್ಕಮ್ಮನ ಗಿರಣಿ, ಮೇಲೆ ನನ್ನ ಖೋಲಿ.
ಪರಸಿ ಕಲ್ಲಿನ ನೆಲ ಅಂಗಾಲಲ್ಲಿ ಸಣ್ಣಗೆ ನಡುಗುತ್ತದೆ.
ಮೂರು ಬೇಸಿಗೆ ಒಂದೇ ಕೆಲಸ:
ಬೇರೆ ಕರ್ನಲ್ಲಿನಲ್ಲಿ ಹುಟ್ಟಿ ಬೆಳೆದ ಫೈಲ್ ಸಿಸ್ಟಮ್ಮನ್ನು
ಈ ಕರ್ನಲ್ಲಿಗೆ ಒಗ್ಗಿಸುವುದು.

ಅಲ್ಲಿ ಬೀಗ ಹಿಡಿದೇ ಒಂದು ನಿದ್ದೆ ತೆಗೆಯಬಹುದಿತ್ತು;
ಇಲ್ಲಿ ಕೆಲವು ಬೀಗ ಕೈಯಲ್ಲಿದ್ದಾಗ ರೆಪ್ಪೆ ಮುಚ್ಚಿದರೆ
ಇಡೀ ಯಂತ್ರ ಕಲ್ಲು.
ಅಲ್ಲಿ ನೆನಪಿನ ಉಗ್ರಾಣ ಅದರದೇ;
ಇಲ್ಲಿ ಕೇಳಿ ಪಡೆಯಬೇಕು, ಬಿಡು ಎಂದಾಗ ಬಿಡಬೇಕು.
ಒಂದಿಡೀ ಚೈತ್ರ ಹೋದದ್ದು ಒಂದು ಸೊನ್ನೆಗೆ:
ಅಲ್ಲಿ ಸೊನ್ನೆಯೆಂದರೆ ‘ಆಯಿತು’,
ಇಲ್ಲಿ ಅದೇ ಸೊನ್ನೆ ‘ಸಿಗಲಿಲ್ಲ’.

ನಾನು ಮುಟ್ಟದೆ ಬಿಟ್ಟದ್ದು ಅದರ ಲೆಕ್ಕವೊಂದನ್ನೇ.
ನಾರಾಯಣಪೇಟೆಯಿಂದ ಬಂದು ನಲವತ್ತು ವರ್ಷ,
ಮಲ್ಕಮ್ಮ ಬೈಯುವುದು ಕನ್ನಡದಲ್ಲಿ, ಚೌಕಾಸಿ ಉರ್ದುವಿನಲ್ಲಿ,
ಸೇರು ಅಳೆಯುವಾಗ ಮಾತ್ರ
ಒಕಟಿ, ರೆಂಡು, ಮೂಡು.

ಹಳೆಯದರ ಮೇಲೆ ಅದು ಎಂದೂ ಬರೆಯುವುದಿಲ್ಲ.
ಹೊಸ ಜಾಗ ಹುಡುಕಿ ಬರೆದು, ಕೂಡಿಸಿ ನೋಡಿ,
ಕಟ್ಟಕಡೆಗೆ ಬೇರಿನಲ್ಲೊಂದು ಬೆರಳನ್ನು
ಆ ಕಡೆ ತಿರುಗಿಸುತ್ತದೆ, ಅಷ್ಟೇ.
ತಿರುಗುವಾಗಲೇ ಕರೆಂಟು ಹೋದರೆ?

ಅದಕ್ಕೇ ಕಾದೆ. ಬ್ಯಾಟರಿ ಕಿತ್ತಿಟ್ಟು,
ಬಿಡದೆ ಬರೆಯುತ್ತಲೇ ಇರು ಎಂದು ಯಂತ್ರಕ್ಕೆ ಹೇಳಿ.
ದಿನಕ್ಕೆ ನಾಲ್ಕು ಸಲ ಹೋಗುವುದು
ಇವತ್ತೇ ಹೋಗವಲ್ದು!
ನಾನೇ ತಂತಿ ಕೀಳಬಹುದಿತ್ತು; ಆದರೆ ಅದು
ನನಗೆ ಗೊತ್ತಿದ್ದ ಗಳಿಗೆಯಾಗುತ್ತಿತ್ತು.

ಏಳೂವರೆಗೆ ಫ್ಯಾನು ಸೋತಿತು. ನೆಲ ಸುಮ್ಮನಾಯಿತು.
ಕೆಳಗಿಂದ, “ಹೋತಲ್ಲೋ, ಇದರ ಬಾಯಾಗ ಮಣ್ಣು ಹಾಕ!”
ಯಾವನೋ ಹುಡುಗ: “ಬೀಸಿದಷ್ಟರ ಕೊಡಬೇ,
ಮನ್ಯಾಗ ರೊಟ್ಟಿಗಿ ಕಾಯ್ಲಾಕ ಹತ್ಯಾರ.”
“ಅರ್ಧ ಬೀಸಿದ್ದು ಯಾರಿಗೂ ಕೊಡಂಗಿಲ್ಲ.
ಕಲ್ಲಿನಾಗೇ ಇರ್ಲಿ ಅದು.
ನಿನ್ನೆ ಒಯ್ದ ಹಿಟ್ಟು ಡಬ್ಬ್ಯಾಗ ಅದನೋ ಇಲ್ಲೋ?
ಇವತ್ತ ಅದನ್ನೇ ಬಡೀರಿ, ಹೋಗು.”

ಮೆಟ್ಟಿಲ ಮೇಲೆ ಕೂತು ಇಷ್ಟು ಕೇಳಿಸಿಕೊಂಡೆ.
ಮೂರು ಬೇಸಿಗೆ ನಾನು ದಪ್ಪ ಪುಸ್ತಕಗಳಲ್ಲಿ
ಓದುತ್ತಿದ್ದದ್ದು ಇದನ್ನೇ.

ಒಂಬತ್ತೂ ಕಾಲಿಗೆ ಬಂತು.
ಪರದೆಯ ಮೇಲೆ ಕೊನೆಯ ಸಾಲು ಇಲ್ಲ.
ಅದರ ಹಿಂದಿನದು ಇದೆ, ಒಂದು ಕಾಳೂ ಕಡಿಮೆಯಿಲ್ಲದೆ ಇರುವಂತಿದೆ.
ಕೆಳಗೆ ಕಲ್ಲು ತಿರುಗತೊಡಗಿತು.
ಮೊದಲ ಚಿಟಿಕೆ ಹಿಟ್ಟನ್ನು ಆಕೆ ಹೆಬ್ಬೆರಳಲ್ಲಿ ತಿಕ್ಕಿ ನೋಡುತ್ತಿರುವುದು
ಕಾಣದಿದ್ದರೂ ಗೊತ್ತು.
ನಾನೂ ಮೊದಲ ಬ್ಲಾಕಿನಿಂದ ಕೂಡಿಸತೊಡಗಿದೆ.
ಒಕಟಿ.